ಒಂದು ವರ್ಷ, ಒಂದು ದಿನ, ಎಂಟು ಗೆರೆ

ನನ್ನ ಮಲಗುವ ಕೋಣೆಯ ಗೋಡೆ ಮೇಲೆ ಪೆನ್ಸಿಲ್ಲಿನ ಎಂಟು ಗೆರೆಗಳಿವೆ. ಒಂದೊಂದೂ ಹೆಬ್ಬೆರಳುದ್ದ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ತಾರೀಕು. ಮನೆಗೆ ಬಂದವರು ಯಾವ ಮಗುವಿನ ಎತ್ತರ ಅಳೆದಿದ್ದೀರಿ ಅಂತ ಕೇಳುತ್ತಾರೆ. ಆದರೆ ಎತ್ತರದ ಗೆರೆಗಳು ಒಂದರ ಮೇಲೊಂದು ಇರುತ್ತವೆ, ಅಲ್ವಾ? ಇವು ಅಕ್ಕಪಕ್ಕ ಇವೆ. ಒಂದು ವರ್ಷ, ಒಂದು ದಿನ ನಾನು ವಿಚ್‌ಕ್ರಾಫ್ಟ್ ಹಾದಿಯಲ್ಲಿ ನಡೆದದ್ದರ ಲೆಕ್ಕ ಅದು.

ಅಕ್ಕ ತೀರಿಹೋದ ವರ್ಷ ನನಗೆ ದಿನಗಳ ಗುರುತೇ ಇರಲಿಲ್ಲ. ಕೆಲಸವೆಲ್ಲ ಮನೆಯಿಂದಲೇ. ಸ್ಕ್ರೀನ್ ಮೇಲೆ ಬೆಳಕು ಬೀಳುತ್ತದೆ ಅಂತ ಪರದೆ ಎಳೆದೇ ಇರುತ್ತಿದ್ದೆ. ತಿಂಗಳು ಬದಲಾಯಿತು ಅಂತ ಗೊತ್ತಾಗುತ್ತಿದ್ದದ್ದು ಸಂಬಳದ ಮೆಸೇಜ್ ಬಂದಾಗ. ರಾತ್ರಿ ನಿದ್ದೆ ಇಲ್ಲ. ಹಾಗೆ ಎದ್ದು ಕೂತ ಒಂದು ರಾತ್ರಿ ಸಾವಿನ್ ಹಬ್ಬದ ಬಗ್ಗೆ ಓದಿದೆ. ಇಂಗ್ಲಿಷಿನಲ್ಲಿ ಬರೆಯುವುದೇ ಬೇರೆ ಥರ, ಓದುವುದು ಹೆಚ್ಚುಕಡಿಮೆ ಹೀಗೆ. ಕನ್ನಡದ ಕಿವಿಗೆ ಅದು 'ಸಾವಿನ' ಅಂತಲೇ ಕೇಳಿಸುತ್ತದೆ. ಎರಡಕ್ಕೂ ಸಂಬಂಧವೇನೂ ಇಲ್ಲ. ಅದು ಐರಿಷ್ ಪದ, ಈಗಲೂ ಆ ಭಾಷೆಯಲ್ಲಿ ನವೆಂಬರ್ ತಿಂಗಳ ಹೆಸರು. ಆದರೆ ಅವತ್ತು ನನಗೆ ಆ ಪದ ಎದೆಗೆ ಬಂದು ತಾಗಿತು. ಅಕ್ಟೋಬರ್ 31ರ ರಾತ್ರಿ ಸತ್ತವರಿಗೂ ಒಂದು ತಟ್ಟೆ ಇಟ್ಟು, ಮಾತಾಡದೆ ಊಟ ಮಾಡುವ ಪದ್ಧತಿ ಈಗಿನ ವಿಚ್‌ಗಳಲ್ಲಿ ಇದೆ ಅಂತ ಗೊತ್ತಾಯಿತು. ಮೂಕ ಊಟ.

ನಾನೂ ಮಾಡಿದೆ. ಟೇಬಲ್ಲಿಗೆ ಎರಡು ತಟ್ಟೆ. ನನ್ನ ಎದುರಿಗೆ ಅಕ್ಕನ ಕಪ್ಪು. ಅದರ ಅಂಚು ಒಂದು ಕಡೆ ಒಡೆದಿದೆ. ಅವಳು ಯಾವಾಗಲೂ ಒಡೆದ ಜಾಗ ತನ್ನ ತುಟಿಗೆ ಬರದ ಹಾಗೆ ತಿರುಗಿಸಿಕೊಂಡೇ ಕುಡಿಯುತ್ತಿದ್ದಳು. ಅವಳು ಹಿಡಿಯುತ್ತಿದ್ದ ಹಾಗೇ ತಿರುಗಿಸಿ ಇಟ್ಟೆ. ಮೊದಲು ಅವಳಿಗೆ ಬಡಿಸಿ, ಆಮೇಲೆ ನಾನು ಬಡಿಸಿಕೊಂಡೆ. ಫೋನ್ ಬೇರೆ ಕೋಣೆಯಲ್ಲಿತ್ತು. ಅವಳ ಕಪ್ಪಿನಿಂದ ಹಬೆ ಏಳುತ್ತಿತ್ತು. ಅದು ನಿಲ್ಲುವವರೆಗೂ ನೋಡುತ್ತಾ ಕೂತೆ. ಅವಳು ಹೋದ ಮೇಲೆ ಅವಳ ಜೊತೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಆ ರಾತ್ರಿಯೂ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಎದ್ದು ಪರದೆ ಸರಿಸಿದೆ. ಕಿಟಕಿ ಪೂರ್ವಕ್ಕಿದೆ, ಎದುರಿಗೆ ಅಡ್ಡ ಏನೂ ಇಲ್ಲ. ಸೂರ್ಯ ಮೂಡಿದ ಕೂಡಲೇ ಕಿಟಕಿಯ ನಡುವಿನ ಸರಳಿನ ನೆರಳು ಎದುರು ಗೋಡೆ ಮೇಲೆ ಬಿತ್ತು. ನಟ್ಟ ನಡುವೆ ಬೀಳಬೇಕಿತ್ತು ಅಂದುಕೊಂಡೆ. ಅದು ಬಲಕ್ಕೆ ಸಾಕಷ್ಟು ದೂರ ಬಿದ್ದಿತ್ತು. ಕೈಗೆ ಸಿಕ್ಕಿದ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದೆ. ನವೆಂಬರ್ 1. ಯಾಕೆ ಎಳೆದೆ ಅಂತ ಆಗ ಗೊತ್ತಿರಲಿಲ್ಲ.

ಆಮೇಲೆ ಶುರುವಾಯಿತು ಓದು. ವಿಚ್‌ಕ್ರಾಫ್ಟ್ ಅಂದರೆ ಒಂದೇ ದಾರಿ ಅಂದುಕೊಂಡಿದ್ದೆ, ಹಾಗಿಲ್ಲ. ವಿಚ್‌ಕ್ರಾಫ್ಟನ್ನು ಒಂದು ಧರ್ಮದ ಹಾಗೆ ಆಚರಿಸುವುದಕ್ಕೆ ವಿಕ್ಕಾ ಅನ್ನುತ್ತಾರೆ. ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್ ಅವರಿಂದ ಬಂದದ್ದು ಗಾರ್ಡ್ನೇರಿಯನ್ ವಿಕ್ಕಾ. ಅದರಲ್ಲಿ ಕವನ್ ಅನ್ನುವ ಸಣ್ಣ ಗುಂಪು ಇರುತ್ತದೆ, ಮೂರು ಹಂತದ ದೀಕ್ಷೆ ಇರುತ್ತದೆ, ಯಾರಿಂದ ಯಾರಿಗೆ ದೀಕ್ಷೆ ಬಂತು ಅನ್ನುವ ಸಾಲು ಇರುತ್ತದೆ. 1960ರ ದಶಕದಲ್ಲಿ ಅಲೆಕ್ಸ್ ಮತ್ತು ಮ್ಯಾಕ್ಸಿನ್ ಸ್ಯಾಂಡರ್ಸ್ ಅವರಿಂದ ಬೆಳೆದದ್ದು ಅಲೆಕ್ಸಾಂಡ್ರಿಯನ್ ಕವಲು. ವಿಕ್ಕಾ ಬೇಡ, ನಮ್ಮದು ಬೇರೆ ಅನ್ನುವ 'ಸಾಂಪ್ರದಾಯಿಕ' ವಿಚ್‌ಗಳ ಒಂದು ಧಾರೆ ಇದೆ, ರಾಬರ್ಟ್ ಕಾಕ್ರೇನ್ ಹೆಸರು ಅಲ್ಲಿ ದೊಡ್ಡದು. ಒಬ್ಬರೇ ಮಾಡಿಕೊಳ್ಳುವವರಿಗೆ ಸಾಲಿಟರಿ ಅನ್ನುತ್ತಾರೆ. 1988ರಲ್ಲಿ ಅಮೆರಿಕದ ಸ್ಕಾಟ್ ಕನ್ನಿಂಗ್‌ಹ್ಯಾಮ್ ಒಬ್ಬಂಟಿಯಾಗಿ ಸಾಧನೆ ಮಾಡುವವರಿಗಾಗಿಯೇ ಕೈಪಿಡಿ ಬರೆದ ಮೇಲೆ ಈ ದಾರಿ ಹಿಡಿದವರು ತುಂಬಾ ಜನ. ಅಡುಗೆಮನೆಯನ್ನೇ ಪೂಜೆಯ ಜಾಗ ಮಾಡಿಕೊಂಡ ಕಿಚನ್ ವಿಚ್‌ಗಳಿದ್ದಾರೆ. ಗಿಡಮೂಲಿಕೆ ಮತ್ತು ಧ್ಯಾನದ ಕಡೆ ವಾಲಿದ ಹೆಡ್ಜ್ ವಿಚ್‌ಗಳಿದ್ದಾರೆ.

ನನಗೆ ಮೊದಲು ಕವನ್ ಬೇಕು ಅನಿಸಿತ್ತು. ದುಃಖದಲ್ಲಿ ಇರುವವರಿಗೆ ಗುಂಪು ಬೇಕನಿಸುವುದು ಸಹಜ. ಒಬ್ಬರು ದೀಕ್ಷೆ ಕೊಡುತ್ತೇನೆ ಅಂದರು, ಮೂರೂ ಹಂತ ಒಟ್ಟಿಗೆ, ವಾರದೊಳಗೆ, ಒಂದು ಮೊತ್ತಕ್ಕೆ. ಹಣ ಕಳಿಸುವ ಹಿಂದಿನ ರಾತ್ರಿ ಇನ್ನಷ್ಟು ಓದಿದೆ. ಗಾರ್ಡ್ನೇರಿಯನ್ನರಲ್ಲಿ ದೀಕ್ಷೆಗೆ ದುಡ್ಡು ತೆಗೆದುಕೊಳ್ಳಬಾರದು ಅನ್ನುವುದು ಗಟ್ಟಿ ನಿಯಮ. ಕಲಿಯಲು ಬಂದವರನ್ನು ಒಂದು ವರ್ಷ ಒಂದು ದಿನ ಕಾಯಿಸುವ ರೂಢಿಯೂ ಇದೆ. ಅವರು ನಿಮ್ಮನ್ನು ನೋಡಬೇಕು, ನೀವೂ ಅವರನ್ನು ನೋಡಬೇಕು. ಅವಸರ ಮಾಡುವವರಿಂದ, ಗುಟ್ಟು ಅಂತ ಹೆದರಿಸುವವರಿಂದ, ಮೈ ಮುಟ್ಟಲು ನೆಪ ಹುಡುಕುವವರಿಂದ ದೂರ ಇರಿ. ಇದನ್ನು ನಾನು ಕಳಕಳಿಯಿಂದಲೇ ಹೇಳುತ್ತಿದ್ದೇನೆ. ನೊಂದವರೇ ಈ ಹಾದಿಗೆ ಜಾಸ್ತಿ ಬರುತ್ತಾರೆ, ಅದು ಇಂಥವರಿಗೆ ಚೆನ್ನಾಗಿ ಗೊತ್ತು. ಹಣ ಕಳಿಸಲಿಲ್ಲ. ಆ ವರ್ಷ ಒಂದು ದಿನವನ್ನು ನನಗೆ ನಾನೇ ಕೊಟ್ಟುಕೊಂಡೆ. ಒಬ್ಬಳೇ, ಒಂದು ನೋಟ್‌ಬುಕ್ ಇಟ್ಟುಕೊಂಡು. ವಿಕ್ಕಾದವರು ಅದನ್ನು ಬುಕ್ ಆಫ್ ಶ್ಯಾಡೋಸ್ ಅನ್ನುತ್ತಾರೆ, ನೆರಳುಗಳ ಪುಸ್ತಕ. ಗೋಡೆ ಮೇಲೆ ನೆರಳು ಗುರುತು ಹಾಕಿದವಳಿಗೆ ಆ ಹೆಸರು ತುಂಬಾ ಹಿಡಿಸಿತು.

ಮೊದಲ ಸಲ ಸರ್ಕಲ್ ಹಾಕಿದ್ದು ನವೆಂಬರಿನ ಹುಣ್ಣಿಮೆಗೆ. ನೆಲದ ಮೇಲೆ ಕಣ್ಣಂದಾಜಿನ ಒಂದು ವೃತ್ತ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ವೃತ್ತ ಎಳೆಯಲು ಅಥಾಮೆ ಅನ್ನುವ ಕಪ್ಪು ಹಿಡಿಯ ಚಾಕು ಬೇಕು ಅಂತಿತ್ತು. ನನ್ನ ಹತ್ತಿರ ಇರಲಿಲ್ಲ, ತೋರುಬೆರಳೇ ಸಾಕಾಯಿತು. ಕಾಗದ ನೋಡಿಕೊಂಡು ಹಳೇ ಕಾಲದ ಇಂಗ್ಲಿಷಿನಲ್ಲಿ ದಿಕ್ಕುಗಳನ್ನು ಕರೆದೆ. ಏನೂ ಆಗಲಿಲ್ಲ. ಮೈ ಜುಮ್ಮೆನ್ನಲಿಲ್ಲ, ಮನಸ್ಸು ನಿಲ್ಲಲಿಲ್ಲ. ಓದಿ ಮುಗಿಸಿದೆ, ಮೇಣದಬತ್ತಿ ಆರಿಸಿದೆ, ಅಷ್ಟೇ.

ಮುಂದಿನ ಹುಣ್ಣಿಮೆಗೆ ಕಾಗದ ಬಿಟ್ಟೆ. ಕನ್ನಡದಲ್ಲೇ ಕರೆದೆ. "ಗಾಳಿ, ಬಾ. ನನ್ನ ಉಸಿರಲ್ಲಿರೋದು ನೀನೇ." ದಕ್ಷಿಣಕ್ಕೆ ತಿರುಗಿ "ಬೆಂಕಿ, ಬಾ" ಅನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಅಕ್ಕನನ್ನು ಕೊನೆಗೆ ಒಪ್ಪಿಸಿದ್ದು ಬೆಂಕಿಗೇ. ಇಂಗ್ಲಿಷಿನಲ್ಲಿ ಕರೆದಾಗ ಬೆಂಕಿ ಸುಮ್ನೆ ಒಂದು ತತ್ವವಾಗಿತ್ತು. ಕನ್ನಡದಲ್ಲಿ ಕರೆದಾಗ ಅದು ನನಗೆ ಗೊತ್ತಿರುವ ಬೆಂಕಿ. ಅವತ್ತಿನಿಂದ ನಾನು ಬೇರೆ ಭಾಷೆಯಲ್ಲಿ ಒಂದು ಮಂತ್ರವನ್ನೂ ಹೇಳಿಲ್ಲ.

ಡಿಸೆಂಬರ್ 21, ಯೂಲ್. ಈ ಹಾದಿಯವರ ವರ್ಷದ ಎಂಟು ಹಬ್ಬಗಳಲ್ಲಿ ಸಾವಿನ್ ಆದ ಮೇಲೆ ಬರುವುದು ಇದು. ವರ್ಷದ ಅತಿ ಉದ್ದದ ರಾತ್ರಿ. ಸಂಜೆಯಿಂದ ಮನೆಯ ದೀಪ ಒಂದನ್ನೂ ಹಚ್ಚಲಿಲ್ಲ. ಕತ್ತಲಲ್ಲಿ ಕೂತು, ಬೆಳಗಿನ ಜಾವ ಒಂದು ಮೇಣದಬತ್ತಿ ಹಚ್ಚಿದೆ. ಸೂರ್ಯ ಮೂಡಿದಾಗ ನೆರಳು ಗೋಡೆಯ ಬಲ ತುದಿಗೆ, ಬೀರುವಿನ ಅಂಚಿಗೆ ಹೋಗಿ ನಿಂತಿತ್ತು. ಗೆರೆ ಎಳೆದೆ. ಮಾರನೇ ದಿನ ನೋಡಿದೆ, ಅಲ್ಲೇ ಇತ್ತು. ಅದರ ಮಾರನೇ ದಿನವೂ ಅಲ್ಲೇ. ಐದು ದಿನ ಕಳೆದರೂ ಕಣ್ಣಿಗೆ ಕಾಣುವಷ್ಟು ಅಲುಗಲಿಲ್ಲ. ಸೂರ್ಯ ತಿರುಗುವ ಈ ದಿನಕ್ಕೆ ಇಂಗ್ಲಿಷಿನಲ್ಲಿರುವ ಸಾಲ್‌ಸ್ಟಿಸ್ ಅನ್ನುವ ಪದ ಲ್ಯಾಟಿನ್ನಿನದು, 'ಸೂರ್ಯ ನಿಲ್ಲುವುದು' ಅಂತಲೇ ಅದರ ಅರ್ಥ. ಪುಸ್ತಕದಲ್ಲಿ ಓದಿದ್ದರೆ ಮರೆತುಹೋಗುತ್ತಿತ್ತು. ಗೋಡೆ ಮುಂದೆ ಐದು ಬೆಳಗು ನಿಂತದ್ದರಿಂದ ಮರೆಯುವ ಹಾಗಿಲ್ಲ.

ಆ ದಿನಗಳಲ್ಲೇ ದಿನನಿತ್ಯದ ಒಂದು ಸಣ್ಣ ಕ್ರಮ ಕೂಡಿಬಂತು. ಬೆಳಗ್ಗೆ ಎದ್ದು ಪರದೆ ಸರಿಸುವುದು. ಕಿಟಕಿ ತೆಗೆದು ಮೂರು ಸಲ ಉಸಿರು ತೆಗೆದುಕೊಳ್ಳುವುದು. ಒಂದು ಲೋಟ ನೀರನ್ನು ಎರಡೂ ಕೈಯಲ್ಲಿ ಹಿಡಿದು, ಇವತ್ತು ಏನು ಬೇಕು ಅಂತ ಅದಕ್ಕೆ ಹೇಳಿ ಕುಡಿಯುವುದು. ರಾತ್ರಿ ಚಂದ್ರ ಯಾವ ಹಂತದಲ್ಲಿದ್ದಾನೆ ನೋಡಿ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯುವುದು. ಇಷ್ಟಕ್ಕೆ ಹತ್ತು ನಿಮಿಷವೂ ಬೇಡ. ದೊಡ್ಡ ಪೂಜೆಗಳಿಗಿಂತ ನನ್ನನ್ನು ಬದಲಿಸಿದ್ದು ಇದು.

ಹೊಗೆಯ ಬಗ್ಗೆ ಒಂದು ಮಾತು. ಮನೆ ಶುದ್ಧಿಗೆ ವೈಟ್ ಸೇಜ್ ಸುಡಬೇಕು ಅಂತ ಎಲ್ಲೆಲ್ಲೂ ಹೇಳುತ್ತಾರೆ. ಅದು ಉತ್ತರ ಅಮೆರಿಕದ ಮೂಲನಿವಾಸಿಗಳಿಗೆ ಪವಿತ್ರವಾದ ಗಿಡ. ಕ್ಯಾಲಿಫೋರ್ನಿಯಾ ಕಡೆಯ ಕಾಡುಗಳಿಂದ ಅದನ್ನು ಕದ್ದು ಕಿತ್ತು ಮಾರುವುದೂ ನಡೆದಿದೆ. ನಾನು ಅದನ್ನು ಮುಟ್ಟಲಿಲ್ಲ. ಒಣಗಿದ ರೋಸ್‌ಮರಿ ಸಾಕು, ಕಿಟಕಿ ತೆಗೆದು ಪೊರಕೆ ಹಿಡಿದರೂ ಸಾಕು. ಹಾಗೆಯೇ ಮಗ್‌ವರ್ಟ್ ಗಿಡವನ್ನು ಕನಸಿಗೆ ಒಳ್ಳೆಯದು ಅಂತ ಹೇಳುತ್ತಾರಲ್ಲ, ಬಸುರಿಯರು ಅದರ ಹತ್ತಿರ ಹೋಗಬಾರದು.

ಜನವರಿಯಲ್ಲಿ ಎಲ್ಲ ಬಿಟ್ಟುಬಿಡುವ ಹಂತಕ್ಕೆ ಬಂದೆ.

ಈ ಹಾದಿ ಕಲ್ಲಿನ ಕಾಲದಿಂದ ಕಡಿಯದೆ ಬಂದದ್ದು, ತೊಂಬತ್ತು ಲಕ್ಷ ಹೆಂಗಸರನ್ನು ಸುಟ್ಟರೂ ಗುಟ್ಟಾಗಿ ಉಳಿದದ್ದು ಅಂತ ನಂಬಿದ್ದೆ. ಆ ನಂಬಿಕೆಗೆ ಒರಗಿಕೊಂಡಿದ್ದೆ ಕೂಡ. ನನ್ನ ಹಿಂದೆ ಸಾವಿರಾರು ವರ್ಷದ ಸಾಲು ಇದೆ ಅಂದುಕೊಂಡರೆ ಒಂಟಿತನ ಕಡಿಮೆ ಅನಿಸುತ್ತಿತ್ತು. ಸರಿಯಾಗಿ ಓದಿದಾಗ ಅದು ನಿಲ್ಲಲಿಲ್ಲ. ಯುರೋಪಿನಲ್ಲಿ ವಿಚ್ ಅಂತ ಆರೋಪ ಹೊರಿಸಿ ನಡೆಸಿದ ವಿಚಾರಣೆಗಳಲ್ಲಿ ಸತ್ತವರು ಸುಮಾರು 40,000ದಿಂದ 60,000 ಅಂತ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಅದೇ ಭಯಂಕರ, ಉಬ್ಬಿಸುವ ಅಗತ್ಯವೇ ಇಲ್ಲ. ಅವರಲ್ಲಿ ಗಂಡಸರೂ ಇದ್ದರು. ಇಂಗ್ಲೆಂಡಿನಲ್ಲಿ ಸುಡುತ್ತಿರಲಿಲ್ಲ, ಗಲ್ಲಿಗೆ ಹಾಕುತ್ತಿದ್ದರು. ಸತ್ತವರಲ್ಲಿ ಹೆಚ್ಚಿನವರು ತಮ್ಮನ್ನು ಯಾವತ್ತೂ ವಿಚ್ ಅಂತ ಕರೆದುಕೊಂಡವರೂ ಅಲ್ಲ. ಹಳೆಯ ಧರ್ಮವೊಂದು ಗುಟ್ಟಾಗಿ ಉಳಿದಿತ್ತು ಅಂತ 1921ರಲ್ಲಿ ಮಾರ್ಗರೆಟ್ ಮರ್ರೆ ಬರೆದರು, ಅದನ್ನು ವಿದ್ವಾಂಸರು ತಳ್ಳಿಹಾಕಿ ಎಷ್ಟೋ ಕಾಲವಾಯಿತು.

ಈಗಿರುವ ರೂಪ ಹೊಸದು. ಬ್ರಿಟನ್ನಿನಲ್ಲಿ 1735ರ ವಿಚ್‌ಕ್ರಾಫ್ಟ್ ಕಾಯ್ದೆ 1951ರವರೆಗೂ ಇತ್ತು. ಮಾಟದ ಶಕ್ತಿ ಇದೆ ಅಂತ ಸೋಗು ಹಾಕುವುದನ್ನು ಅಪರಾಧ ಮಾಡಿದ್ದ ಕಾಯ್ದೆ ಅದು. 1944ರಲ್ಲೂ ಹೆಲೆನ್ ಡಂಕನ್ ಅನ್ನುವ ಮಹಿಳೆಯನ್ನು ಅದರಡಿ ಜೈಲಿಗೆ ಹಾಕಿದ್ದರು. ಕಾಯ್ದೆ ಹೋದ ಮೂರು ವರ್ಷಕ್ಕೆ, 1954ರಲ್ಲಿ, ಗಾರ್ಡ್ನರ್ ಪುಸ್ತಕ ಬರೆದು ತಮ್ಮ ಹಾದಿಯನ್ನು ಜನರ ಮುಂದಿಟ್ಟರು. 1953ರಲ್ಲಿ ಅವರಿಂದ ದೀಕ್ಷೆ ಪಡೆದ ಡೋರೀನ್ ವ್ಯಾಲಿಯೆಂಟ್ ಆ ಆಚರಣೆಗಳ ಮಾತುಗಳನ್ನು ತಿದ್ದಿ, ಎಷ್ಟೋ ಭಾಗ ಹೊಸದಾಗಿ ಬರೆದರು. ಇವತ್ತಿಗೂ ವಿಕ್ಕಾದಲ್ಲಿ ಮನಸ್ಸಿಗೆ ಇಳಿಯುವ ಸಾಲುಗಳು ಅವರವು. ನಾನು 'ಪುರಾತನ' ಅಂದುಕೊಂಡು ಅಪ್ಪಿಕೊಂಡಿದ್ದ ಎಂಟು ಹಬ್ಬಗಳ ಚಕ್ರ ಕೂಡ ಹಾಗೇ. ಒಂದೊಂದು ಹಬ್ಬಕ್ಕೆ ಹಳೇ ಬೇರು ಇದೆ, ಆದರೆ ಎಂಟನ್ನೂ ಒಂದೇ ಚಕ್ರಕ್ಕೆ ಪೋಣಿಸಿದ್ದು 1950ರ ದಶಕದಲ್ಲಿ. ಓಸ್ಟಾರಾ, ಲಿಥಾ, ಮೇಬನ್ ಅನ್ನುವ ಹೆಸರುಗಳನ್ನು ಇಟ್ಟವರು ಅಮೆರಿಕದ ಐಡನ್ ಕೆಲ್ಲಿ, ಅದೂ 1970ರ ದಶಕದಲ್ಲಿ.

ನೋಟ್‌ಬುಕ್ ಮುಚ್ಚಿಟ್ಟೆ. ಮೋಸಹೋದೆ ಅನಿಸಿತು. ಹತ್ತು ದಿನ ಏನೂ ಬರೆಯಲಿಲ್ಲ.

ಪರದೆ ಸರಿಸುವ ಅಭ್ಯಾಸ ಮಾತ್ರ ಉಳಿದಿತ್ತು. ಫೆಬ್ರವರಿ 1, ಇಂಬೋಲ್ಕ್. ಐರ್ಲೆಂಡಿನ ಬ್ರಿಜಿಡ್ ಅನ್ನುವ ದೇವತೆಗೆ ಸೇರಿದ ದಿನ, ಬೆಳಕು ಮರಳುವ ಹಬ್ಬ. ಮನಸ್ಸಿಲ್ಲದಿದ್ದರೂ ಗೆರೆ ಎಳೆದೆ. ಬೀರುವಿನ ಅಂಚಿಗೆ ಹೋಗಿ ನಿಂತಿದ್ದ ನೆರಳು ಎಡಕ್ಕೆ ಮರಳಿ ಬರುತ್ತಿತ್ತು. ಮೊದಲ ಗೆರೆಗೆ ಇನ್ನೊಂದು ಗೇಣೂ ಇರಲಿಲ್ಲ. ಆಮೇಲೆ ದಿನಾ ನೋಡಿದೆ. ಫೆಬ್ರವರಿ 10ರ ಬೆಳಗ್ಗೆ ನೆರಳು ನೇರ ಬಂದು ನವೆಂಬರ್ 1ರ ಗೆರೆಯ ಮೇಲೆ ಕೂತಿತು. ಅಕ್ಕನಿಗೆ ಬಡಿಸಿದ ಮಾರನೇ ಬೆಳಗ್ಗೆ ಎಳೆದಿದ್ದ ಗೆರೆ. ಅದೇ ಜಾಗ, ಅದೇ ಬೆಳಕು. ಆದರೆ ಅವತ್ತು ಸೂರ್ಯ ಕತ್ತಲ ಕಡೆ ಹೋಗುತ್ತಿದ್ದ, ಇವತ್ತು ಬರುತ್ತಿದ್ದ. ನಾನು ಮಂಚದ ತುದಿಯಲ್ಲಿ ಕೂತು ಅತ್ತೆ. ಈ ನೆರಳಿಗೆ ಯಾರ ಪುಸ್ತಕದ ಹಂಗೂ ಇರಲಿಲ್ಲ. ಹೆಸರುಗಳನ್ನು ಯಾರೋ ಮೊನ್ನೆ ಮೊನ್ನೆ ಇಟ್ಟಿರಬಹುದು. ಆ ಹೆಸರು ಇಟ್ಟವರಿಗೂ ನನ್ನ ಹಾಗೇ ಏನೋ ಬೇಕಾಗಿತ್ತಲ್ಲ, ಅದನ್ನು ಅವರು ಕೂತು ಮಾಡಿಕೊಂಡರು ಅನಿಸಿತು. ಅವತ್ತೇ ನೋಟ್‌ಬುಕ್ ತೆರೆದೆ.

ಮಾರ್ಚಿನಲ್ಲಿ ಅಮ್ಮ ಬಂದಳು. ನಾಲ್ಕನೇ ಗೆರೆ ಆಗಷ್ಟೇ ಬಿದ್ದಿತ್ತು. ಹಗಲು ರಾತ್ರಿ ಸಮ ಆಗುವ 20ನೇ ತಾರೀಕು ಮೋಡ, 21ಕ್ಕೂ ಮೋಡ, 22ಕ್ಕೆ ಬಿಸಿಲು. ಈ ಸಮಯದಲ್ಲಿ ನೆರಳು ದಿನಕ್ಕೆ ಒಂದು ಬೆರಳಗಲ ಓಡುತ್ತದೆ. ಡಿಸೆಂಬರಿನಲ್ಲಿ ಐದು ದಿನ ಅಲುಗದೆ ನಿಂತದ್ದು ಇದೇ ನೆರಳೇ ಅನ್ನುವಷ್ಟು ಓಟ. ಹಾಗಾಗಿ ನನ್ನ ಓಸ್ಟಾರಾ ಗೆರೆ ಎರಡು ಬೆರಳು ಎಡಕ್ಕಿದೆ. ಅಳಿಸಿ ಸರಿಮಾಡಲಿಲ್ಲ.

"ಏನೇ ಇದು, ಗೋಡೆಗೆಲ್ಲ ಗೀಚಿದ್ದೀಯ?" ಅಂದಳು ಅಮ್ಮ.

"ಬಿಸಿಲು ಎಲ್ಲಿ ಬೀಳುತ್ತೆ ಅಂತ ಗುರುತು ಹಾಕ್ತಿದ್ದೀನಮ್ಮ."

"ಅದಕ್ಕೆ ಮೇಣದಬತ್ತಿ ಯಾಕೆ? ಆ ದಾರ ಯಾಕೆ? ಮಾಟ ಗೀಟ ಏನಾದ್ರೂ ಹಚ್ಚಿಕೊಂಡಿದ್ದೀಯೇನೇ?"

ಏನು ಹೇಳಲಿ? ವಿಚ್ ಅನ್ನುವುದಕ್ಕೆ ನಮ್ಮಲ್ಲಿರುವ ಪದ ಮಾಟಗಾತಿ. ಕೇಳಿದರೆ ಯಾರಿಗಾದರೂ ಭಯ ಆಗಬೇಕು, ಹಾಗಿದೆ ಅದು. ಆದರೆ ಅಮ್ಮ ಆ ಪದ ಆಡಿದ ಮೇಲೆ ನನಗೆ ಅದು ತಲೆಯಲ್ಲಿ ಕೊರೆಯತೊಡಗಿತು. ಆಡು ಆಟ ಆದ ಹಾಗೆ, ನೋಡು ನೋಟ ಆದ ಹಾಗೆ, ಮಾಡು ಅನ್ನುವುದೇ ಮಾಟ ಆದದ್ದು. ಮಾಟವಾದ ಮೂಗು ಅಂತೀವಲ್ಲ, ಚೆನ್ನಾಗಿ ಮಾಡಿದ್ದು ಅಂತ. ಕೇಡಿಗಿಂತ ಮೊದಲು ಆ ಪದದಲ್ಲಿ ಇದ್ದದ್ದು ಕೆಲಸ, ಅಂದ. ಇದನ್ನೆಲ್ಲ ಅಮ್ಮನಿಗೆ ಹೇಳಲಿಲ್ಲ. ಅಕ್ಕನ ತಟ್ಟೆಯ ವಿಷಯ ಮಾತ್ರ ಹೇಳಿದೆ. ಎರಡು ತಟ್ಟೆ, ಒಡೆದ ಕಪ್ಪು, ಹಬೆ.

ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವಳಿಗೆ ಮೊದಲು ಬಡಿಸಿದ್ಯಾ?" ಅಂದಳು.

"ಹೂಂ."

ಮತ್ತೇನೂ ಕೇಳಲಿಲ್ಲ.

ಅಮ್ಮ ಕೇಳಿದ ಆ ದಾರ ನಿದ್ದೆಗೆ ಕಟ್ಟಿದ್ದು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮಾಟ ಅಂದರೆ ಏನು ಮಾಡುತ್ತೀರಿ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಅದೇ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಚಂದ್ರ ಬೆಳೆಯುವಾಗ ಬರಬೇಕಾದದ್ದನ್ನು ಕೇಳುತ್ತಾರೆ, ಕರಗುವಾಗ ಹೋಗಬೇಕಾದದ್ದನ್ನು ಬಿಡುತ್ತಾರೆ. ನಿದ್ದೆಗೆಟ್ಟ ರಾತ್ರಿಗಳು ಹೋಗಬೇಕಿತ್ತು. ಹುಣ್ಣಿಮೆಯ ದಿನ ಒಂದು ಹತ್ತಿಯ ದಾರಕ್ಕೆ ಒಂಬತ್ತು ಗಂಟು ಹಾಕಿದೆ. ಒಂದೊಂದು ಗಂಟಿಗೂ ನನ್ನನ್ನು ಎಚ್ಚರ ಇಡುವ ಒಂದು ವಿಷಯವನ್ನು ಬಾಯಿಬಿಟ್ಟು ಹೇಳಿದೆ. ಆಸ್ಪತ್ರೆಯ ಕಾರಿಡಾರಿನ ವಾಸನೆ. ನಾನು ಎತ್ತದೆ ಬಿಟ್ಟ ಅವಳ ಕೊನೆಯ ಫೋನ್. ಅವಳ ಚಪ್ಪಲಿ. ಹೀಗೆ. ಅಮಾವಾಸ್ಯೆಗೆ ಒಂಬತ್ತು ರಾತ್ರಿ ಇದ್ದಾಗಿನಿಂದ ಫೋನ್ ಆಫ್ ಮಾಡಿ, ದೀಪ ಚಿಕ್ಕದು ಮಾಡಿ, ರಾತ್ರಿಗೊಂದು ಗಂಟು ಬಿಚ್ಚಿದೆ.

ಮೊದಲ ಮೂರು ಸಲೀಸಾಗಿ ಬಿಚ್ಚಿಕೊಂಡವು. ನಾಲ್ಕನೇ ಗಂಟನ್ನು ಬಿಗಿಯಾಗಿ ಎಳೆದುಬಿಟ್ಟಿದ್ದೆ, ಉಗುರು ಸೋತಿತು, ಪಿನ್ನಿನಲ್ಲಿ ಬಿಡಿಸಿದೆ. ಏಳನೆಯದು ಆ ಫೋನ್ ಕಾಲ್. ಅದನ್ನು ಬಿಚ್ಚಿದ ರಾತ್ರಿ ಬೆಳಗಿನವರೆಗೂ ಎಚ್ಚರ ಇದ್ದೆ, ಇಡೀ ವರ್ಷದಲ್ಲಿ ಅಷ್ಟು ಅತ್ತದ್ದಿಲ್ಲ. ಎಂಟನೇ ರಾತ್ರಿ ಮಲಗಿದೆ. ಒಂಬತ್ತನೇ ಗಂಟು ಬಿಚ್ಚುತ್ತಾ ಕೂತಲ್ಲೇ ತೂಕಡಿಸಿದೆ. ದಾರ ನೆಟ್ಟಗಾಯಿತು, ಆದರೆ ಗಂಟಿದ್ದ ಜಾಗದಲ್ಲೆಲ್ಲ ಸಣ್ಣ ಸುಕ್ಕು ಉಳಿದಿತ್ತು. ಅದನ್ನು ಕುಂಡದ ಮಣ್ಣಲ್ಲಿ ಹೂತೆ. ಅದಾದ ಮೇಲೆ ಎಲ್ಲ ರಾತ್ರಿಯೂ ನಿದ್ದೆ ಬಂತು ಅನ್ನಲಾರೆ. ಆದರೆ ನಿದ್ದೆ ಬಾರದ ರಾತ್ರಿ ಯಾವುದಕ್ಕೆ ಬರುತ್ತಿಲ್ಲ ಅಂತ ನನಗೆ ಗೊತ್ತಿರುತ್ತದೆ. ಕೌನ್ಸೆಲರ್ ಹತ್ತಿರ ಹೋಗುವ ಧೈರ್ಯ ಬಂದದ್ದೂ ಆ ಏಳನೇ ಗಂಟಿನಿಂದಲೇ. ಮಾಟ ಮಾಡುವವರು ಡಾಕ್ಟರನ್ನು ಬಿಡಬೇಕಾಗಿಲ್ಲ. ಬಿಡಬಾರದು ಕೂಡ.

ಒಮ್ಮೆ ಕೆಟ್ಟದ್ದನ್ನು ಮಾಡುವ ಮನಸ್ಸೂ ಬಂತು. ಕೆಲಸದಲ್ಲಿ ಒಬ್ಬರು ನನಗೆ ಅನ್ಯಾಯ ಮಾಡಿದ್ದರು, ಅಕ್ಕ ಆಸ್ಪತ್ರೆಯಲ್ಲಿದ್ದ ವಾರದಲ್ಲೇ. ಅವರ ಹೆಸರು ಬರೆದ ಚೀಟಿ ಕೈಯಲ್ಲಿತ್ತು. ಯಾರಿಗೂ ಕೇಡಾಗದಂತೆ ನಿನ್ನ ಮನಸ್ಸಿನಂತೆ ನಡೆ ಅನ್ನುವುದು ವಿಕ್ಕಾದವರ ನೀತಿ. ಮಾಡಿದ್ದು ಮೂರು ಪಟ್ಟಾಗಿ ತಿರುಗಿ ಬರುತ್ತದೆ ಅಂತಲೂ ಹೇಳುತ್ತಾರೆ. ಎಲ್ಲ ವಿಚ್‌ಗಳೂ ಇದನ್ನು ಒಪ್ಪುವುದಿಲ್ಲ, ಶಾಪ ಹಾಕುವುದು ದುರ್ಬಲರ ಹಕ್ಕು ಅನ್ನುವವರೂ ಇದ್ದಾರೆ. ನನ್ನನ್ನು ತಡೆದದ್ದು ಮೂರು ಪಟ್ಟಿನ ಹೆದರಿಕೆ ಅಲ್ಲ. ಅಕ್ಕನಿಗೆ ಮೀಸಲಿಟ್ಟ ಮೇಣದಬತ್ತಿಯ ಮುಂದೆ ಆ ಹೆಸರು ಹಿಡಿದು ಕೂರಲು ಮನಸ್ಸು ಒಪ್ಪಲಿಲ್ಲ. ಚೀಟಿ ಹರಿದು ಹಾಕಿದೆ.

ಮೇ 1ರ ಬೆಲ್ಟೇನ್ ಬೆಂಕಿಯ ಹಬ್ಬ, ನಾನು ಒಂದು ದೀಪದಲ್ಲೇ ಮುಗಿಸಿದೆ. ಜೂನ್ 21ರ ಲಿಥಾಕ್ಕೆ ನೆರಳು ಎಡ ತುದಿಗೆ, ಬಾಗಿಲ ಚೌಕಟ್ಟಿನ ಹತ್ತಿರ ಬಂದು ಮತ್ತೆ ನಿಂತಿತು. ಆಗಸ್ಟ್ 1ರ ಲೂನಸಾ ಸುಗ್ಗಿಯ ಹಬ್ಬ. ಅವತ್ತು ನೋಟ್‌ಬುಕ್‌ನಲ್ಲಿ ಒಂದೇ ಸಾಲು ಇದೆ, ಜ್ವರ ಇತ್ತು ಅಂತ. ಗೆರೆ ಮಾತ್ರ ಎಳೆದಿದ್ದೇನೆ, ಸ್ವಲ್ಪ ಸೊಟ್ಟಗಿದೆ.

ಸೆಪ್ಟೆಂಬರಿನ ಮೇಬನ್ ಗೆರೆ ಬಿದ್ದ ಮೇಲೆ ಒಂದು ಸಂಜೆ ಗೋಡೆಯನ್ನು ದೂರದಿಂದ ನೋಡಿದೆ. ಎಂಟು ಹಬ್ಬ ಮಾಡಿದ್ದೆ, ಆದರೆ ಗೋಡೆ ಮೇಲೆ ಕಂಡದ್ದು ಐದೇ ಜಾಗ. ಬಲ ತುದಿಯಲ್ಲಿ ಯೂಲ್ ಒಂದೇ. ಎಡ ತುದಿಯಲ್ಲಿ ಲಿಥಾ ಒಂದೇ. ನಡುವೆ ಸಾವಿನ್ ಪಕ್ಕ ಇಂಬೋಲ್ಕ್, ಓಸ್ಟಾರಾ ಪಕ್ಕ ಮೇಬನ್, ಬೆಲ್ಟೇನ್ ಪಕ್ಕ ಲೂನಸಾ, ಜೋಡಿ ಜೋಡಿಯಾಗಿ. ಪುಸ್ತಕಗಳಲ್ಲಿ ಇದನ್ನು ಯಾವಾಗಲೂ ಚಕ್ರದ ಹಾಗೆ ಬರೆಯುತ್ತಾರೆ. ನನ್ನ ಗೋಡೆಯಲ್ಲಿ ಅದು ಹೋಗಿ ಬರುವ ದಾರಿ. ಹೋಗುವಾಗ ಹಾದ ಜಾಗವನ್ನೇ ಬರುವಾಗಲೂ ಹಾಯಬೇಕು. ಸಾವಿನ ಗೆರೆ ಮತ್ತು ಬೆಳಕು ಮರಳುವ ಗೆರೆ ನಡುವೆ ಒಂದು ಗೇಣೂ ಇಲ್ಲ. ನನಗೆ ಈ ವರ್ಷ ಸಿಕ್ಕಿದ್ದು ಇದು, ಬೇರೆ ಯಾವ ದೀಕ್ಷೆಯಲ್ಲೂ ಸಿಗುತ್ತಿರಲಿಲ್ಲ ಅಂತ ನಂಬಿದ್ದೇನೆ.

ಅಕ್ಟೋಬರ್ ಕೊನೆಗೆ ಅಮ್ಮ ಹೇಳದೆ ಕೇಳದೆ ಬಂದಳು. ಬ್ಯಾಗಿನಿಂದ ಒಂದು ತಟ್ಟೆ ತೆಗೆದಳು. ಚಿಕ್ಕಂದಿನಲ್ಲಿ ಅಕ್ಕ ಊಟ ಮಾಡುತ್ತಿದ್ದ ತಟ್ಟೆ, ಹಿಂಬದಿಯಲ್ಲಿ ಅವಳ ಹೆಸರು ಕೆತ್ತಿಸಿದ್ದು. "ಇದಕ್ಕೆ ಬಡಿಸು" ಅಂದಳು.

31ರ ರಾತ್ರಿ ಟೇಬಲ್ಲಿಗೆ ಮೂರು ತಟ್ಟೆ. ಅಮ್ಮನೇ ಬಡಿಸಿದಳು. ಮಾತಾಡಬಾರದು ಅಂತ ನಾನು ಮೊದಲೇ ಹೇಳಿದ್ದೆ. ಆದರೂ ಅಕ್ಕನ ತಟ್ಟೆಗೆ ಎರಡನೇ ಸಲ ಬಡಿಸುವಾಗ ಅಮ್ಮ ಮೆಲ್ಲಗೆ "ಸಾಕಾ?" ಅಂದಳು. ನಾನು ತಡೆಯಲಿಲ್ಲ.

ಒಂದು ವರ್ಷ ಒಂದು ದಿನ ತುಂಬಿದ್ದು ನವೆಂಬರ್ 2ರ ಬೆಳಗ್ಗೆ. ಅಮ್ಮನೂ ಎದ್ದು ಬಂದು ಗೋಡೆ ಮುಂದೆ ನಿಂತಳು. ನೆರಳು ಬಿತ್ತು. ಮೊದಲ ಗೆರೆಯ ಬಲಕ್ಕೆ, ಹೆಚ್ಚುಕಡಿಮೆ ಒಂದು ಬೆರಳು ಆಚೆ.

"ಸರಿಯಾಗಿ ಬರಲಿಲ್ವಲ್ಲೇ" ಅಂದಳು ಅಮ್ಮ.

"ಒಂದು ದಿನ ಜಾಸ್ತಿ ಆಯ್ತಲ್ಲಮ್ಮ. ಆ ಒಂದು ದಿನ ಅದು."

ಅಮ್ಮ ತನ್ನ ತೋರುಬೆರಳನ್ನು ಗೆರೆಗೂ ನೆರಳಿಗೂ ನಡುವೆ ಇಟ್ಟು ನೋಡಿದಳು. ಸರಿಯಾಗಿ ಹಿಡಿಸಿತು. ಬಿಸಿಲು ಮೇಲೇರಿ ನೆರಳು ಸರಿದುಹೋಗುವವರೆಗೂ ಬೆರಳು ತೆಗೆಯಲಿಲ್ಲ.